ಮಳೆ ಗ್ಯಾರಂಟಿನಾ?

ಲೈಕ್ಲಿ, ವೆರಿ ಲೈಕ್ಲಿ, ಸರ್ಟಿಫೈಡ್, ಕನ್ಫರ್ಮ್, ಗ್ಯಾರಂಟಿ. ಭರವಸೆ ಕೊಡುವ ಇಂಗ್ಲಿಷ್ ಮಾತುಗಳು ಈಗ ಹೊಲದ ಬದುವಿನವರೆಗೂ ಬಂದಿವೆ. ಯಾವ ಮಾತನ್ನು ಎಷ್ಟು ನಂಬಿ ಬೀಜ ಹಾಕಬೇಕು? ಬಿತ್ತನೆಯ ಹೊತ್ತಿನಲ್ಲಿ ಪರಶುರಾಂಪುರದಿಂದ ಹೊರಟ ಹುಡುಕಾಟ ಇದು.

ಜೂನ್ ತಿಂಗಳ ಒಂದು ಬೆಳಿಗ್ಗೆ. ಪರಶುರಾಂಪುರದ ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆಯ ಘಮ. ಬೆಂಚಿನ ಮೇಲೆ ಕೂತವರ ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಆಂಧ್ರದ ಗಡಿ ಇಲ್ಲಿಂದ ದೂರವಿಲ್ಲ. ಮೋಡ ಕಟ್ಟಿದೆ, ಗಾಳಿಯೂ ಬೀಸುತ್ತಿದೆ. ಗಾಳಿ ಮೋಡವನ್ನು ಎಲ್ಲಿ ಹೊತ್ತೊಯ್ಯುತ್ತದೋ ಎಂಬ ಚಿಂತೆ ಎಲ್ಲರ ಮುಖದಲ್ಲೂ ಇದೆ.

ಕಾಲೇಜು ಹುಡುಗನೊಬ್ಬ ಮೊಬೈಲ್ ನೋಡಿ, ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಹಿರಿಯರ ಕಡೆ ತಿರುಗಿದ.

'ತಾತ, ಹವಾಮಾನದೋರು ಹಾಕ್ಯಾರೆ ನೋಡು. ರೇನ್ ವೆರಿ ಲೈಕ್ಲಿ ಅಂತ ಐತೆ.'

'ಅಂಗಂದ್ರೆ?'

'ಮಳೆ ಬರೋದು ಹೆಚ್ಚುಕಮ್ಮಿ ಐತೆ ಅಂತ.'

'ಹೆಚ್ಚೋ, ಕಮ್ಮಿನೋ?'

'ಹೆಚ್ಚು ಅಂತಿಟ್ಕ.'

'ಗ್ಯಾರಂಟಿನಾ?'

ಹುಡುಗ ಸುಮ್ಮನಾದ. ತಾತ ಲೋಟ ಕೆಳಗಿಟ್ಟು ಮತ್ತೆ ಆಕಾಶ ನೋಡಿದರು.

ಆ ಪ್ರಶ್ನೆಯ ಹಿಂದೆ ಒಂದು ವರ್ಷದ ಅನ್ನವಿದೆ. ಪರಶುರಾಂಪುರ ಇರುವ ಚಳ್ಳಕೆರೆ ರಾಜ್ಯದ ಅತಿ ಕಡಿಮೆ ಮಳೆಯ ತಾಲ್ಲೂಕುಗಳಲ್ಲಿ ಒಂದು. ಇಲ್ಲಿನ ಮುಖ್ಯ ಬೆಳೆ ಶೇಂಗಾ. ಎಕರೆಗೆ ಸುಮಾರು 40ರಿಂದ 50 ಕೆ.ಜಿ. ಬೀಜ ಬೇಕು. ಕಾಯಿ ಸುಲಿದು, ಜೊಳ್ಳು ಆರಿಸಿ, ಬೀಜೋಪಚಾರ ಮಾಡಿ ಇಟ್ಟ ಬೀಜವನ್ನು ಒಮ್ಮೆ ಮಣ್ಣಿಗೆ ಹಾಕಿದರೆ ವಾಪಸ್ ತೆಗೆಯುವ ಮಾತಿಲ್ಲ. ಮೊಳಕೆ ಬಂದ ಮೇಲೆ ಮಳೆ ಕೈಕೊಟ್ಟರೆ ಬೀಜದ ಜೊತೆಗೆ ಸಾಲವೂ ಹೊಲದಲ್ಲೇ ಒಣಗುತ್ತದೆ.

ಹಾಗಾಗಿ ತಾತನಿಗೆ ಬೇಕಿದ್ದುದು ನಂಬಿ ಬಿತ್ತಬಹುದಾದ ಒಂದು ಮಾತು. ಲೈಕ್ಲಿ ಎಂಬುದರ ಕನ್ನಡ ಅರ್ಥ ಕಟ್ಟಿಕೊಂಡು ಅವರಿಗೇನೂ ಆಗಬೇಕಿರಲಿಲ್ಲ. ಆದರೆ ಆ ಇಂಗ್ಲಿಷ್ ಪದದೊಳಗೆ ಅವರಿಗೆ ಬೇಕಾದ ಉತ್ತರ ಇತ್ತು. ಯಾರೂ ಅದನ್ನು ಬಿಡಿಸಿ ಹೇಳಿರಲಿಲ್ಲ, ಅಷ್ಟೆ.

ಪದದೊಳಗೆ ಅಡಗಿದ ಲೆಕ್ಕ

ಭಾರತೀಯ ಹವಾಮಾನ ಇಲಾಖೆಯ ಮುನ್ಸೂಚನೆಯಲ್ಲಿ ಲೈಕ್ಲಿ ಎಂಬುದು ಬಾಯಿಗೆ ಬಂದ ಮಾತಲ್ಲ. ಅದಕ್ಕೊಂದು ಅಳತೆ ಇದೆ. ನೂರಕ್ಕೆ 25ರಿಂದ 50 ಪಾಲು ಸಾಧ್ಯತೆ ಇದ್ದರೆ ಲೈಕ್ಲಿ. 50ರಿಂದ 75 ಇದ್ದರೆ ವೆರಿ ಲೈಕ್ಲಿ. 75 ದಾಟಿದರೆ ಮೋಸ್ಟ್ ಲೈಕ್ಲಿ. 25ಕ್ಕಿಂತ ಕಡಿಮೆಯಾದರೆ ಅನ್‌ಲೈಕ್ಲಿ.

ಈ ನಾಲ್ಕು ಮೆಟ್ಟಿಲು ಕನ್ನಡಕ್ಕೆ ಬರುವಾಗ ಬಹಳ ಸಲ ಒಂದೇ ಮೆಟ್ಟಿಲಾಗಿಬಿಡುತ್ತದೆ. 'ಮಳೆಯಾಗುವ ಸಾಧ್ಯತೆ ಇದೆ.' ನೂರಕ್ಕೆ ಮೂವತ್ತೂ ಸಾಧ್ಯತೆಯೇ, ನೂರಕ್ಕೆ ಎಂಬತ್ತೂ ಸಾಧ್ಯತೆಯೇ. ಮೂವತ್ತನ್ನು ನಂಬಿ ಬಿತ್ತಿದವನಿಗೂ ಎಂಬತ್ತನ್ನು ನಂಬದೆ ಕಾದವನಿಗೂ ನಷ್ಟ ಆಗುವುದು ಹೀಗೆ. ಇಬ್ಬರೂ ಕೊನೆಗೆ ಹೇಳುವ ಮಾತು ಒಂದೇ: 'ರೇಡಿಯೋದೋರು ಹೇಳಿದ್ದು ಯಾವತ್ತು ನಿಜ ಆಗೈತೆ?'

ಇನ್ನೊಂದು ಅಳತೆಯೂ ಆ ವಾಕ್ಯದೊಳಗೆ ಕೂತಿರುತ್ತದೆ. 'ಒಂದೆರಡು ಕಡೆ', 'ಕೆಲವೆಡೆ', 'ಹಲವೆಡೆ', 'ಬಹುತೇಕ ಕಡೆ' ಎಂಬ ಮಾತುಗಳನ್ನು ಕೇಳುತ್ತಲೇ ಬಂದಿದ್ದೇವೆ. ಅವೂ ಎಣಿಸಿ ಇಟ್ಟ ಮಾತುಗಳು. ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಎಷ್ಟು ಪಾಲು ಕೇಂದ್ರಗಳಲ್ಲಿ ಮಳೆ ದಾಖಲಾಗಬಹುದು ಎಂಬುದನ್ನು ಅವು ಹೇಳುತ್ತವೆ. ಅಂದರೆ 'ಕೆಲವೆಡೆ, ವೆರಿ ಲೈಕ್ಲಿ' ಎಂದರೆ ಜಿಲ್ಲೆಯ ಅರ್ಧ ಕೇಂದ್ರಗಳಿಗೂ ಮಳೆ ಮುಟ್ಟದೆ ಇರಬಹುದು, ಆದರೆ ಒಂದಷ್ಟು ಕಡೆ ಬೀಳುವುದು ಬೀಳದಿರುವುದಕ್ಕಿಂತ ಹೆಚ್ಚು ಸಂಭವ ಎಂದು. ಆ ಒಂದಷ್ಟು ಕಡೆಯಲ್ಲಿ ಪರಶುರಾಂಪುರ ಇದೆಯೋ ಇಲ್ಲವೋ ಎಂಬುದನ್ನು ಆ ವಾಕ್ಯ ಹೇಳುವುದೇ ಇಲ್ಲ. ಹುಡುಗ ಸುಮ್ಮನಾದದ್ದು ಸರಿಯಾಗಿಯೇ ಇತ್ತು.

ಚೌಕಟ್ಟು: ಹವಾಮಾನದ ಮಾತು, ಅಳತೆಯಲ್ಲಿ

• ಒಂದೆರಡು ಕಡೆ: ಶೇ 25ರವರೆಗಿನ ಮಳೆಮಾಪನ ಕೇಂದ್ರಗಳು

• ಕೆಲವೆಡೆ: ಶೇ 26ರಿಂದ 50

• ಹಲವೆಡೆ: ಶೇ 51ರಿಂದ 75

• ಬಹುತೇಕ ಕಡೆ: ಶೇ 76ರಿಂದ 100

• ಮಳೆ ದಿನ: 24 ಗಂಟೆಯಲ್ಲಿ ಕನಿಷ್ಠ 2.5 ಮಿ.ಮೀ.

• ಭಾರಿ ಮಳೆ: 64.5 ಮಿ.ಮೀ.ನಿಂದ 115.5 ಮಿ.ಮೀ.

• ಅತಿ ಭಾರಿ ಮಳೆ: 115.6 ಮಿ.ಮೀ.ನಿಂದ 204.4 ಮಿ.ಮೀ.

ಅನ್‌ಲೈಕ್ಲಿ ಎಂದರೆ ಆಗುವುದೇ ಇಲ್ಲ ಎಂದಲ್ಲ. ಈ ಸೀಮೆಗೆ ಇದನ್ನು ವೇದಾವತಿ ನದಿಯೇ ಕಲಿಸಿದ್ದಾಳೆ. ಅವಳಿಗೆ ಅಡ್ಡಲಾಗಿ ಹಿರಿಯೂರಿನ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಆಮೇಲೆ ಅಜ್ಜ ಹೋದರು, ಅಪ್ಪ ಮುದುಕರಾದರು, ಕೋಡಿ ನೀರನ್ನು ಯಾರೂ ಕಾಣಲಿಲ್ಲ. 'ಅದು ತುಂಬೋದುಂಟೇ' ಎಂಬುದು ಗಾದೆಯಂತೆ ಓಡಾಡುತ್ತಿತ್ತು. 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ನಂತರ, ಕೋಡಿ ಬಿತ್ತು. ಕೆಳಗಿನ ಊರುಗಳ ಒಣಮರಳಿನ ಮೇಲೆ ಹೊಳೆ ಹರಿಯಿತು. ಎರಡು ತಲೆಮಾರು 'ಖಂಡಿತ ಇಲ್ಲ' ಎಂದಿದ್ದ ಮಾತು ಒಂದೇ ಮಳೆಗಾಲದಲ್ಲಿ ಸುಳ್ಳಾಯಿತು.

ಇಂಗ್ಲಿಷಿಗೂ ಇದೇ ಗೊಂದಲ

ಇಂಗ್ಲಿಷ್ ಬಲ್ಲವರಿಗೆ ಈ ಪದಗಳು ಸಲೀಸು ಎಂದು ನಾವು ತಿಳಿದಿದ್ದೇವೆ. ಹಾಗೇನಿಲ್ಲ. ಹವಾಮಾನ ಬದಲಾವಣೆಯ ಅಧ್ಯಯನಗಳನ್ನು ಪರಿಶೀಲಿಸಿ ವರದಿ ಕೊಡುವ ಜಾಗತಿಕ ಸಮಿತಿ ಐಪಿಸಿಸಿ ಕೂಡ ಲೈಕ್ಲಿ ಎಂಬ ಪದ ಬಳಸುತ್ತದೆ. ಅಲ್ಲಿ ಅದರ ಅರ್ಥ ನೂರಕ್ಕೆ ಕನಿಷ್ಠ 66. ವೆರಿ ಲೈಕ್ಲಿ ಎಂದರೆ ಕನಿಷ್ಠ 90. ನಮ್ಮ ಹವಾಮಾನ ಇಲಾಖೆಯ ಲೈಕ್ಲಿಗೂ ಅವರ ಲೈಕ್ಲಿಗೂ ಒಂದೇ ಕಾಗುಣಿತ, ತೂಕ ಮಾತ್ರ ಬೇರೆ.

ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯಲ್ಲಿ ಶೆರ್ಮನ್ ಕೆಂಟ್ ಎಂಬ ವಿಶ್ಲೇಷಕರಿದ್ದರು. 1951ರಲ್ಲಿ ಅವರ ತಂಡ ಯುಗೊಸ್ಲಾವಿಯಾದ ಮೇಲೆ ದಾಳಿ ನಡೆಯುವುದನ್ನು 'ಗಂಭೀರ ಸಾಧ್ಯತೆ' ಎಂದು ವರದಿ ಬರೆಯಿತು. ಹಾಗೆಂದರೆ ಎಷ್ಟು ಎಂದು ಅಧಿಕಾರಿಯೊಬ್ಬರು ಕೇಳಿದಾಗ ಕೆಂಟ್ ತಮ್ಮ ಮನಸ್ಸಿನಲ್ಲಿದ್ದುದನ್ನು ಹೇಳಿದರು: ನೂರಕ್ಕೆ 65. ಆಮೇಲೆ ಸಂಶಯ ಬಂದು, ಜೊತೆಗೆ ಕೂತು ಅದೇ ವಾಕ್ಯಕ್ಕೆ ಒಪ್ಪಿಗೆ ಕೊಟ್ಟಿದ್ದ ಸಹೋದ್ಯೋಗಿಗಳನ್ನು ಕೇಳಿದರು. ಒಬ್ಬರ ಮನಸ್ಸಿನಲ್ಲಿ 20 ಇತ್ತು, ಇನ್ನೊಬ್ಬರ ಮನಸ್ಸಿನಲ್ಲಿ 80. ಒಂದೇ ಮೇಜಿನ ಸುತ್ತ ಕೂತವರೇ ಒಂದು ಪದವನ್ನು ಇಷ್ಟು ಬೇರೆಬೇರೆಯಾಗಿ ತೂಗಿದ್ದರು. ಇಂಥ ಪದಗಳಿಗೆ ಅಂಕಿ ಕಟ್ಟಬೇಕೆಂದು ಕೆಂಟ್ 1964ರಲ್ಲಿ ಪ್ರಬಂಧವನ್ನೇ ಬರೆದರು.

ಅವರಿಗಿಂತ ಬಹಳ ಮೊದಲೇ ಒಬ್ಬರು ಇದನ್ನು ಮಾಡಿ ತೋರಿಸಿದ್ದರು. ಪಶ್ಚಿಮ ಆಸ್ಟ್ರೇಲಿಯಾದ ಪರ್ತ್ ನಗರದ ಹವಾಮಾನ ತಜ್ಞ ಅರ್ನೆಸ್ಟ್ ಕುಕ್. ಆ ಸೀಮೆಯೂ ಮಳೆಗೆ ಬಾಯಿಬಿಡುವ ಸೀಮೆಯೇ. ಕುಕ್ ತಮ್ಮ ಮುನ್ಸೂಚನೆಯ ಪಕ್ಕದಲ್ಲಿ ಒಂದು ಅಂಕಿ ಬರೆಯತೊಡಗಿದರು. 5 ಎಂದರೆ ಕಣ್ಣುಮುಚ್ಚಿ ನಂಬಬಹುದು. 4 ಎಂದರೆ ನಂಬಬಹುದು, ಆದರೆ ಹತ್ತರಲ್ಲಿ ಒಂದು ಸಲ ತಪ್ಪಬಹುದು. 3 ಎಂದರೆ ಸಂಶಯವಿದೆ, ಹತ್ತರಲ್ಲಿ ನಾಲ್ಕು ಸಲ ತಪ್ಪಬಹುದು. 1906ರಲ್ಲಿ ತಮ್ಮ ಲೆಕ್ಕವನ್ನು ಅವರು ಪ್ರಕಟಿಸಿದರು. ಎಷ್ಟು ಸಲ ಸರಿ, ಎಷ್ಟು ಸಲ ತಪ್ಪು ಎಂಬುದನ್ನೂ ಸೇರಿಸಿಯೇ.

ಕುಕ್ ಮಾಡಿದ್ದು ಸಣ್ಣ ಕೆಲಸದಂತೆ ಕಾಣುತ್ತದೆ. 'ನಾನು ತಪ್ಪಬಹುದು, ಇಷ್ಟು ಸಲ ತಪ್ಪಬಹುದು' ಎಂದು ಮೊದಲೇ ಹೇಳಿಬಿಟ್ಟ ಮೇಲೆ ಕೇಳುವವನು ತನ್ನ ಚೀಲ ನೋಡಿಕೊಂಡು ತೀರ್ಮಾನ ಮಾಡಬಹುದು. ಎರಡು ಸಲ ಬಿತ್ತುವಷ್ಟು ಬೀಜ ಇದ್ದವನು ಒಂದು ರೀತಿ, ಒಂದೇ ಸಲಕ್ಕೆ ಇದ್ದವನು ಇನ್ನೊಂದು ರೀತಿ.

ನಮ್ಮ ನಾಲಿಗೆಯಲ್ಲೇ ಇರುವ ತಕ್ಕಡಿ

ಹಾಗಾದರೆ ಕನ್ನಡದಲ್ಲಿ ಈ ತೂಕದ ಕಲ್ಲುಗಳು ಇಲ್ಲವೇ? ಬೆಳಗಿನಿಂದ ಸಂಜೆಯವರೆಗೆ ನಾವು ಅವನ್ನೇ ಬಳಸುತ್ತೇವೆ. ಬಳಸುತ್ತಿದ್ದೇವೆಂದು ಗಮನಿಸುವುದಿಲ್ಲ.

'ಮಳೆ ಬಂತು' ಎಂದರೆ ನಾನು ನೋಡಿದೆ. 'ಮಳೆ ಬಂತಂತೆ' ಎಂದರೆ ನಾನು ನೋಡಿಲ್ಲ, ಯಾರೋ ಹೇಳಿದ್ದು. 'ಮಳೆ ಬಂದಿರಬೇಕು' ಎಂದರೆ ಗಾಳಿ ತಣ್ಣಗಿದೆ, ಮಣ್ಣಿನ ವಾಸನೆ ಬರುತ್ತಿದೆ, ಅದರಿಂದ ಊಹಿಸುತ್ತಿದ್ದೇನೆ. 'ಮಳೆ ಬಂದಿರಬಹುದು' ಎಂದರೆ ಊಹೆಗೂ ಗಟ್ಟಿ ಆಧಾರವಿಲ್ಲ. 'ಮಳೆ ಬಂದೀತು' ಎಂದರೆ ಮುಂದಿನದು, ಕೈಯಲ್ಲಿಲ್ಲದ್ದು, ಆಸೆಯೋ ಅಂಜಿಕೆಯೋ ಬೆರೆತದ್ದು.

ಶಾಲೆಯ ವ್ಯಾಕರಣ ಪುಸ್ತಕದಲ್ಲಿ ಕೊನೆಯದಕ್ಕೆ ಸಂಭಾವನಾರ್ಥಕ ಎಂಬ ಹೆಸರಿದೆ. ಮಾಡಾನು, ಮಾಡಾಳು, ಮಾಡೀತು ಎಂದು ಬಾಯಿಪಾಠ ಮಾಡಿದ್ದು ನೆನಪಿರಬಹುದು. ಪಟ್ಟಣದ ಮಾತಿನಲ್ಲಿ ಈ ರೂಪದ ಬಹುಪಾಲು ಜಾಗವನ್ನು 'ಬಹುದು' ತೆಗೆದುಕೊಂಡಿದೆ. ಆದರೂ ಮಗು ಕಟ್ಟೆ ಏರಿದರೆ ತಾಯಿಯ ಬಾಯಲ್ಲಿ ಬರುವುದು 'ಹುಷಾರು, ಬಿದ್ದೀಯ' ಎಂದೇ. ಆ ಎಚ್ಚರಕ್ಕೆ 'ಬೀಳಬಹುದು' ಸಾಲದು.

ಮಳೆಯ ಗಾದೆಗಳೂ ಇದೇ ರೂಪವನ್ನು ಹಿಡಿದುಕೊಂಡಿವೆ. ಭರಣಿ ಬಂದರೆ ಧರಣಿ ಬದುಕೀತು. ಗಾದೆ ಕಟ್ಟಿದವರು 'ಬದುಕುತ್ತದೆ' ಎಂದು ಹೇಳಿಲ್ಲ. ಮೊದಲು 'ಬಂದರೆ' ಎಂದರು, ಆಮೇಲೂ 'ಬದುಕೀತು' ಎಂದರು. ಆಕಾಶದ ಬಗ್ಗೆ ಮಾತಾಡುವಾಗ ಎಷ್ಟು ಗಟ್ಟಿಯಾಗಿ ಹೇಳಬೇಕು, ಎಲ್ಲಿ ನಿಲ್ಲಬೇಕು ಎಂಬುದು ಅವರಿಗೆ ಗೊತ್ತಿತ್ತು.

ಇನ್ನು 'ಅಂತೆ'. ಇಂಗ್ಲಿಷಿನಲ್ಲಿ ಇದಕ್ಕೆ ಒಂದು ಇಡೀ ಪದವನ್ನೋ ವಾಕ್ಯವನ್ನೋ ತರಬೇಕು. ನಮಗೆ ಒಂದು ಬಾಲ ಸಾಕು. ಪರಶುರಾಂಪುರದ ಹೋಟೆಲಿನ ಆಚೆ ಬೆಂಚಿನಲ್ಲಿ ತೆಲುಗಿನಲ್ಲಿ ಮಾತಾಡುವವರಿಗೂ ಅಷ್ಟೇ ಸಾಕು. ಅವರದು 'ಅಂಟ'. ಕನ್ನಡದಲ್ಲಿ 'ಬಂತಂತೆ', ತೆಲುಗಿನಲ್ಲಿ 'ವಚ್ಚಿಂದಂಟ'. ಕಿವಿಯಿಂದ ಬಂದದ್ದನ್ನು ಕಣ್ಣಿಂದ ಕಂಡದ್ದರ ಜೊತೆ ಬೆರೆಸಬಾರದು ಎಂಬ ಶಿಸ್ತು ಗಡಿಯ ಎರಡೂ ಕಡೆ ವ್ಯಾಕರಣದಲ್ಲೇ ಕೂತಿದೆ.

ಖಾತ್ರಿಯಿಂದ ಗ್ಯಾರಂಟಿಗೆ

ಇಷ್ಟೆಲ್ಲ ಇದ್ದೂ ತಾತ ಕೇಳಿದ್ದು 'ಗ್ಯಾರಂಟಿನಾ' ಎಂದೇ. ಅದಕ್ಕೆ ಕಾರಣವಿದೆ.

ಗ್ಯಾರಂಟಿ ಮೊದಲು ನಮ್ಮಲ್ಲಿಗೆ ಬಂದದ್ದು ವಾಚು, ರೇಡಿಯೋ, ಪಂಪ್‌ಸೆಟ್ಟುಗಳ ಜೊತೆಗೆ. ಒಂದು ಕಾರ್ಡು, ಅದರ ಮೇಲೆ ಅಂಗಡಿಯ ಮೊಹರು, ತಾರೀಖು. ಕೆಟ್ಟರೆ ಎಲ್ಲಿಗೆ ಹೋಗಬೇಕು ಎಂಬುದು ಆ ಕಾರ್ಡಿನಲ್ಲಿತ್ತು. ಬಾಯಿಮಾತಿನ 'ಖಂಡಿತ'ಕ್ಕೆ ಇಲ್ಲದ ಒಂದು ವಿಳಾಸ ಇದಕ್ಕಿತ್ತು. ರೈಲ್ವೆ ಟಿಕೆಟ್ಟಿನಿಂದ ಬಂದ ಕನ್ಫರ್ಮ್ ಕೂಡ ಹಾಗೆಯೇ. ಮದುವೆ, ವರ್ಗಾವಣೆ, ಆಸ್ಪತ್ರೆಯ ದಿನ ಎಲ್ಲದಕ್ಕೂ ಈಗ 'ಕನ್ಫರ್ಮ್ ಆಯ್ತಾ' ಎನ್ನುತ್ತೇವೆ. ಆ ಮಾತಿನ ಹಿಂದೆ ಸೀಟಿನ ನಂಬರಿನ ನೆನಪಿದೆ.

ಸರ್ಕಾರದ ಭಾಷೆಯಲ್ಲೂ ಈ ದಾರಿ ಕಾಣುತ್ತದೆ. 2005ರಲ್ಲಿ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನದ ಕೆಲಸ ಕೊಡುವ ಕಾಯ್ದೆ ಬಂದಾಗ ಅದರ ಇಂಗ್ಲಿಷ್ ಹೆಸರಿನಲ್ಲಿ ಗ್ಯಾರಂಟಿ ಇತ್ತು. ಕನ್ನಡದಲ್ಲಿ ಅದು 'ಉದ್ಯೋಗ ಖಾತ್ರಿ' ಆಯಿತು. 2023ರಲ್ಲಿ ರಾಜ್ಯ ಸರ್ಕಾರ ಐದು ಯೋಜನೆಗಳನ್ನು ತಂದಾಗ ಯಾರೂ ಅನುವಾದದ ಗೋಜಿಗೆ ಹೋಗಲಿಲ್ಲ. ಅವು ನೇರವಾಗಿ 'ಗ್ಯಾರಂಟಿ'ಗಳೇ. ಆ ವರ್ಷದ ಜೂನ್ 11ರಂದು ಅವುಗಳಲ್ಲಿ ಒಂದಾದ ಶಕ್ತಿ ಯೋಜನೆಯ ಬಸ್ಸು ಹೊರಟಿತು. ಆಮೇಲೆ 'ಗ್ಯಾರಂಟಿ ದುಡ್ಡು ಬಂತೇನಕ್ಕ' ಎಂಬುದು ಓಣಿಯ ಮಾತಾಯಿತು. ಹದಿನೆಂಟು ವರ್ಷಗಳಲ್ಲಿ ಅದು ಅನುವಾದ ಬೇಡದ ಕನ್ನಡ ಪದವಾಗಿತ್ತು.

ಚೌಕಟ್ಟು: ಭರವಸೆಯ ಪದಗಳ ಹುಟ್ಟೂರು

• ಖಚಿತ: ಸಂಸ್ಕೃತದಲ್ಲಿ 'ಕೂರಿಸಿದ' ಎಂದರ್ಥ. ಬಂಗಾರದಲ್ಲಿ ರತ್ನ ಕೂರಿಸಿದಂತೆ. ಕನ್ನಡದಲ್ಲಿ ಅಲ್ಲಾಡದ ಮಾತಾಯಿತು.

• ಖಂಡಿತ: ಮೂಲ ಅರ್ಥ 'ತುಂಡು ಮಾಡಿದ'. ನಮ್ಮ 'ಕಡ್ಡಿ ಮುರಿದಂತೆ ಹೇಳು' ಎಂಬುದರ ಒಡಹುಟ್ಟು.

• ಖಾತ್ರಿ: ಮನಸ್ಸು ಎಂಬ ಅರ್ಥದ ಅರಬಿಯ 'ಖಾತಿರ್'ನಿಂದ ಬಂದದ್ದು. ಮನಸ್ಸಿಗೆ ಸಮಾಧಾನವಾಗುವುದೇ ಖಾತ್ರಿ.

• ಪಕ್ಕಾ: ಬೆಂದದ್ದು, ಹಣ್ಣಾದದ್ದು. ಸಂಸ್ಕೃತದ 'ಪಕ್ವ' ಹಿಂದಿಯ ದಾರಿಯಲ್ಲಿ ಬಂದಿದೆ. ಇಂಗ್ಲಿಷಿಗೂ ಹೋಗಿದೆ.

• ಗ್ಯಾರಂಟಿ, ವಾರಂಟಿ: ಹಳೆಯ ಫ್ರೆಂಚಿನ ಒಂದೇ ಪದದ ಎರಡು ಉಚ್ಚಾರ. ಪೊಲೀಸರ ವಾರಂಟೂ ಅದೇ ಮನೆಯದು.

ನೀಲಿ ಚೀಟಿ, ನೂರು ಬೀಜ

ಗ್ಯಾರಂಟಿ ಎಂಬುದಕ್ಕೆ ವಿಳಾಸ ಬೇಕು ಎಂಬುದು ಬೀಜದ ಚೀಲದಲ್ಲಿ ಚೆನ್ನಾಗಿ ಕಾಣುತ್ತದೆ. ಮುಂಗಾರಿಗೆ ಮೊದಲು ಹೋಬಳಿಯ ರೈತ ಸಂಪರ್ಕ ಕೇಂದ್ರದ ಮುಂದೆ ಸಾಲು ನಿಲ್ಲುವವರು ಚೀಲದ ಬಾಯಿಗೆ ಹೊಲಿದ ಚೀಟಿಯನ್ನು ಒಮ್ಮೆ ತಿರುಗಿಸಿ ನೋಡಬೇಕು.

ನೀಲಿ ಚೀಟಿ ಇದ್ದರೆ ಅದು ಸರ್ಟಿಫೈಡ್, ಅಂದರೆ ಪ್ರಮಾಣಿತ ಬೀಜ. ಪ್ರಮಾಣೀಕರಣ ಸಂಸ್ಥೆ ಹೊಲಕ್ಕೆ ಬಂದು ಬೆಳೆ ನೋಡಿದೆ, ಪ್ರಯೋಗಾಲಯದಲ್ಲಿ ಪರೀಕ್ಷೆ ಆಗಿದೆ. ಹಸಿರು ಚೀಟಿಯ ಬೀಜಕ್ಕೆ ಇಂಗ್ಲಿಷಿನಲ್ಲಿ ಟ್ರುತ್‌ಫುಲ್ ಲೇಬಲ್ ಎನ್ನುತ್ತಾರೆ. ಬರೆದದ್ದು ನಿಜ ಎಂದು ಬೀಜ ಮಾರುವವರೇ ಹೊಣೆ ಹೊತ್ತು ಹೇಳುವ ಮಾತು ಅದು. ಎರಡೂ ಭರವಸೆಯೇ. ಒಂದರಲ್ಲಿ ಮೂರನೆಯವರ ಸಾಕ್ಷಿ ಇದೆ, ಇನ್ನೊಂದರಲ್ಲಿ ಮಾರುವವರ ಮಾತಿದೆ. 'ಸರ್ಕಾರಿ ಚೀಟಿ ಐತೆ' ಎಂದು ಎರಡನ್ನೂ ಒಂದೇ ಮಾಡಿಬಿಡುವುದು ತಪ್ಪು.

ಪ್ರಮಾಣಿತ ಶೇಂಗಾ ಬೀಜ ಕನಿಷ್ಠ ಎಷ್ಟು ಮೊಳೆಯಬೇಕು ಎಂಬುದಕ್ಕೂ ಲೆಕ್ಕವಿದೆ: ನೂರಕ್ಕೆ 70. ಅಂದರೆ ನೂರಕ್ಕೆ ಮೂವತ್ತು ಮೊಳೆಯದೆ ಹೋದರೂ ಆ ಚೀಟಿ ಸುಳ್ಳು ಹೇಳಿದಂತಲ್ಲ. 70 ಎಂಬುದು ಗೊತ್ತಿದ್ದ ರೈತ ಅದಕ್ಕೆ ತಕ್ಕಂತೆ ಬೀಜ ಸೇರಿಸುತ್ತಾನೆ. 'ಗ್ಯಾರಂಟಿ ಬೀಜ' ಎಂದಷ್ಟೇ ಕೇಳಿದವನು ಸಾಲಿನಲ್ಲಿ ಖಾಲಿ ಜಾಗ ಕಂಡು ಮೋಸ ಹೋದೆ ಎಂದುಕೊಳ್ಳುತ್ತಾನೆ.

ಚೌಕಟ್ಟು: ಚೀಲದ ಮೇಲಿನ ಬಣ್ಣ

• ಹೊನ್ನಿನ ಹಳದಿ: ತಳಿ ಅಭಿವೃದ್ಧಿಪಡಿಸಿದವರ ಮೂಲ ಬೀಜ

• ಬಿಳಿ: ಅದರಿಂದ ಬೆಳೆದ ಬುನಾದಿ ಬೀಜ

• ನೀಲಿ: ಪ್ರಮಾಣಿತ ಬೀಜ

• ಹಸಿರು: ಮಾರುವವರೇ ಹೊಣೆ ಹೊತ್ತ ಬೀಜ

• ಬೀಜಗಳ ಗುಣಮಟ್ಟಕ್ಕೆ ಕಾನೂನಿನ ಚೌಕಟ್ಟು ಕೊಟ್ಟದ್ದು 1966ರ ಬೀಜ ಕಾಯ್ದೆ. ಪ್ರಮಾಣಿತ ಶೇಂಗಾದಲ್ಲಿ ಶುದ್ಧ ಬೀಜದ ಪಾಲು ಕನಿಷ್ಠ ಶೇ 96 ಇರಬೇಕು.

ಚೀಟಿ ಏನೇ ಹೇಳಲಿ, ಮನೆಯಲ್ಲಿ ಒಮ್ಮೆ ನೋಡುವ ಕ್ರಮ ಇಲ್ಲಿದೆ. ಚೀಲದ ಮೇಲಿನಿಂದ, ನಡುವಿನಿಂದ, ತಳದಿಂದ ಆರಿಸದೆ ಬೀಜ ತೆಗೆಯಬೇಕು. ನೂರು ಎಣಿಸಬೇಕು. ಗೋಣಿಚೀಲದ ತುಂಡು ಒದ್ದೆ ಮಾಡಿ, ಸಾಲಾಗಿ ಜೋಡಿಸಿ, ಸುರುಳಿ ಸುತ್ತಿ ನೆರಳಲ್ಲಿಡಬೇಕು. ದಿನಾ ಒಂದಿಷ್ಟು ನೀರು ಚಿಮುಕಿಸಬೇಕು. ಒಂದು ವಾರ, ಹತ್ತು ದಿನಕ್ಕೆ ಸುರುಳಿ ಬಿಚ್ಚಿದಾಗ ಬೆಳ್ಳಗೆ ಮೊಳಕೆ ಚಾಚಿದ ಬೀಜಗಳು ಒಂದು ಕಡೆ, ಊದಿಕೊಂಡು ಕೊಳೆತವು ಇನ್ನೊಂದು ಕಡೆ.

ಅಂಥ ಒಂದು ಸುರುಳಿಯನ್ನು ಪಡಸಾಲೆಯಲ್ಲಿ ಬಿಚ್ಚುವುದನ್ನು ಹತ್ತಿರದಿಂದ ನೋಡಿದ್ದೇನೆ. ಅಜ್ಜಿಯೊಬ್ಬರು ಒಂದೊಂದನ್ನೇ ಎತ್ತಿ, ಮೊಳಕೆ ಮುರಿಯದಂತೆ ಮೊರಕ್ಕೆ ಹಾಕುತ್ತಾ ಎಣಿಸುತ್ತಿದ್ದರು. ಸಂಶಯದ ಬೀಜ ಬಂದರೆ ಬೆಳಕಿಗೆ ಹಿಡಿದು ನೋಡಿ ಮೂರನೆಯ ಗುಂಪಿಗೆ ಹಾಕುತ್ತಿದ್ದರು. ಎಣಿಕೆ ಮುಗಿದ ಮೇಲೆ 'ಪರವಾಗಿಲ್ಲ ಬಿಡು, ನೂರಕ್ಕೆ ಎಂಬತ್ತು ಬತ್ತೈತೆ' ಎಂದರು. ಖಂಡಿತ, ಪಕ್ಕಾ, ಗ್ಯಾರಂಟಿ ಯಾವುದೂ ಆ ಮಾತಿನಲ್ಲಿ ಇರಲಿಲ್ಲ. ಅದಕ್ಕಿಂತ ನಂಬಿಕೆಯ ಮಾತನ್ನು ನಾನು ಕೇಳಿದ್ದು ಕಡಿಮೆ.

ರೇಷ್ಮೆ ಎಳೆ, ಪುಷ್ಪಕದ ಚಕ್ರ

ಪಕ್ಕದ ಮೊಳಕಾಲ್ಮುರಿನಲ್ಲಿ ಇದೇ ಮಾತು ರೇಷ್ಮೆಯಲ್ಲಿ ಸಿಗುತ್ತದೆ. ಅಲ್ಲಿನ ಸೀರೆಗೆ ಊರಿನ ಹೆಸರನ್ನು ಕಾಯುವ ಜಿಐ ಮಾನ್ಯತೆ ಇದೆ. ಬಟ್ಟೆ ಅಪ್ಪಟ ರೇಷ್ಮೆ ಎಂದು ಹೇಳಲು 2004ರಲ್ಲಿ ಆರಂಭವಾದ ಸಿಲ್ಕ್ ಮಾರ್ಕ್ ಚೀಟಿಯೂ ಇದೆ. ಚೀಟಿ ಬರುವ ಮೊದಲೂ ನೇಕಾರರ ಮನೆಯಲ್ಲಿ ಪರೀಕ್ಷೆ ಇತ್ತು. ಸೆರಗಿನ ಅಂಚಿನಿಂದ ಒಂದು ಎಳೆ ಬಿಡಿಸಿ ಬೆಂಕಿ ತೋರಿಸಿದರೆ ಅಪ್ಪಟ ರೇಷ್ಮೆ ಕೂದಲು ಸುಟ್ಟ ವಾಸನೆ ಬರಿಸುತ್ತದೆ, ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ. ಬೆರಕೆ ನೂಲು ಕರಗಿ ಗಟ್ಟಿ ಗುಂಡಾಗುತ್ತದೆ. ಆ ಎಳೆಯನ್ನು ಕೊಳ್ಳುವವನ ಮುಂದೆಯೇ ಸುಡಲು ಒಪ್ಪುವ ನೇಕಾರನ ಮಾತಿಗೆ ಬೇರೆ ವಿಶೇಷಣ ಬೇಕಾಗುವುದಿಲ್ಲ.

ಇನ್ನೊಂದು ದಿಕ್ಕಿಗೆ, ಚಳ್ಳಕೆರೆ ತಾಲ್ಲೂಕಿನದೇ ಕುದಾಪುರದಲ್ಲಿ ವೈಮಾನಿಕ ಪರೀಕ್ಷಾ ವಲಯವಿದೆ. 2023ರ ಏಪ್ರಿಲ್ 2ರ ಬೆಳಿಗ್ಗೆ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಇಸ್ರೊದ ರೆಕ್ಕೆಯ ವಾಹನವೊಂದನ್ನು ಸುಮಾರು 4.5 ಕಿ.ಮೀ. ಎತ್ತರಕ್ಕೆ ಒಯ್ದು ಬಿಟ್ಟಿತು. ಯಾರೂ ನಡೆಸದೆ ಅದು ತಾನೇ ದಾರಿ ಹುಡುಕಿ ರನ್‌ವೇ ಮೇಲೆ ಇಳಿಯಿತು.

ಒಂದು ಸಲ ಇಳಿದ ಮೇಲೆ 'ಪಕ್ಕಾ' ಎಂದು ಮನೆಗೆ ಹೋಗಬಹುದಿತ್ತು. ಇಸ್ರೊದವರು ಹೋಗಲಿಲ್ಲ. 2024ರ ಮಾರ್ಚ್ 22ರಂದು ಪುಷ್ಪಕ್ ಎಂಬ ಹೆಸರಿನ ವಾಹನವನ್ನು ರನ್‌ವೇಯ ನೇರಕ್ಕೆ ಬಿಡದೆ 150 ಮೀಟರ್ ಪಕ್ಕಕ್ಕೆ ಬಿಟ್ಟರು. ಜೂನ್ 23ರಂದು 500 ಮೀಟರ್ ಪಕ್ಕಕ್ಕೆ, ಇನ್ನೂ ಜೋರು ಗಾಳಿಯಲ್ಲಿ. ಮೂರು ಸಲವೂ ಇಳಿಯಿತು. ಪ್ರತಿ ಸಲವೂ ಸೋಲುವ ದಾರಿಯನ್ನು ತಾವೇ ಹೆಚ್ಚಿಸಿಕೊಂಡು ನೋಡಿದ ಮೇಲೆ ಮಾತಿಗೆ ತೂಕ ಬಂತು. ಒದ್ದೆ ಗೋಣಿಯಲ್ಲಿ ನೂರು ಬೀಜ ಎಣಿಸುವ ಅಜ್ಜಿಯ ಕೆಲಸವೂ ಇದೇ ಜಾತಿಯದು.

'ಅಂತೆ' ಬಿಟ್ಟುಹೋದಾಗ

ಇಷ್ಟು ಒಳ್ಳೆಯ ತಕ್ಕಡಿ ಇರುವ ನಾಡಿನಲ್ಲಿ ಈಗ ಏನಾಗುತ್ತಿದೆ ಎಂಬುದು ನನ್ನ ಸಂಕಟ.

ವಾಟ್ಸ್‌ಆ್ಯಪಿನಲ್ಲಿ ಬರುವ ಸಂದೇಶಗಳನ್ನು ಗಮನಿಸಿ. 'ನಾಳೆ ಸಾಲ ಮನ್ನಾ.' 'ಈ ಎಲೆ ತಿಂದರೆ ಸಕ್ಕರೆ ಕಾಯಿಲೆ ಗುಣ, ನೂರಕ್ಕೆ ನೂರು.' ಇದನ್ನು ಕಳಿಸುವವನು ನೋಡಿದವನಲ್ಲ, ಕೇಳಿದವನೂ ಅಲ್ಲ, ಒತ್ತಿ ಮುಂದೆ ದಾಟಿಸಿದವನು. ಅದೇ ಮಾತನ್ನು ಅವನು ಜಗಲಿಯಲ್ಲಿ ಕೂತು ಹೇಳಿದ್ದರೆ 'ಮನ್ನಾ ಮಾಡ್ತಾರಂತೆ' ಎನ್ನುತ್ತಿದ್ದ. ಕೇಳಿದವರು 'ಯಾರು ಹೇಳಿದ್ರು' ಎನ್ನುತ್ತಿದ್ದರು. ಮುಂದೆ ದಾಟಿದ ಸಂದೇಶದಲ್ಲಿ ಆ ಒಂದು ಬಾಲ ಕತ್ತರಿಸಿಹೋಗಿರುತ್ತದೆ. ಅಂತೆಕಂತೆ ಎಲ್ಲ ಸುದ್ದಿಯ ವೇಷ ತೊಟ್ಟು ಬರುತ್ತದೆ.

ಪತ್ರಿಕೆಗೆ ಬರೆಯುವ ನಾನೂ ಇದರ ಹೊರಗಿಲ್ಲ. 'ಬಲ್ಲ ಮೂಲಗಳು', 'ಖಚಿತ ಮಾಹಿತಿ ಮೇರೆಗೆ', 'ಎನ್ನಲಾಗಿದೆ' ಎಂದು ಬರೆದಿದ್ದೇನೆ. ಯಾರು ಬಲ್ಲರು, ಯಾರು ಖಚಿತ ಮಾಡಿದರು, ಯಾರು ಎಂದರು ಎಂದು ಕೇಳಿಕೊಳ್ಳದೆ ಬರೆದದ್ದೂ ಉಂಟು.

ವರ್ಷಗಳ ಹಿಂದೆ ಒಂದು ರಾತ್ರಿ ಫೋನಿನಲ್ಲಿ ಕೇಳಿದ್ದು 'ಕೆರೆ ಒಡೆದೈತಂತೆ' ಎಂದು. ನಾನು ಸುದ್ದಿಯಲ್ಲಿ ಬರೆದದ್ದು 'ಕೆರೆ ಒಡೆದಿದೆ' ಎಂದು. ಬೆಳಿಗ್ಗೆ ಹೋಗಿ ನೋಡಿದರೆ ಏರಿ ಗಟ್ಟಿಯಾಗಿತ್ತು, ಕೋಡಿ ಹರಿಯುತ್ತಿತ್ತು. ಕೆಳಗಿನ ಹಟ್ಟಿಯ ಒಬ್ಬ ಹೆಂಗಸು ನನ್ನನ್ನು ನಿಲ್ಲಿಸಿ ಹೇಳಿದರು: 'ರಾತ್ರಿಯೆಲ್ಲ ಕುರಿ ಹೊಡ್ಕೊಂಡು ಗುಡ್ಡದಾಗೆ ಕೂತಿದ್ವಿ ಸ್ವಾಮಿ.' ಅವರ ಮನೆಗೆ ಆ ಸುದ್ದಿ ಹೇಗೋ ಮುಟ್ಟಿತ್ತು. ಒಂದು 'ಅಂತೆ'ಯನ್ನು ನಾನು ಉಳಿಸಿಕೊಂಡಿದ್ದರೆ, ಅವರು ಯಾರನ್ನಾದರೂ ಏರಿಯ ಮೇಲೆ ಕಳಿಸಿ ನೋಡಿ ಬರಲು ಹೇಳುತ್ತಿದ್ದರು. ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಗಟ್ಟಿ ಪದಗಳನ್ನು ಸಿಕ್ಕಲ್ಲೆಲ್ಲ ಬಳಸಿದರೆ ಅವು ಸವೆಯುತ್ತವೆ. 'ಖಂಡಿತ' ಸಾಲದೆ 'ನೂರಕ್ಕೆ ನೂರು' ಬಂತು, ಅದೂ ಸಾಲದೆ 'ನೂರಾ ಒಂದು ಪರ್ಸೆಂಟ್' ಬಂತು. ಪದದ ದನಿ ಏರುತ್ತಾ ಹೋದಷ್ಟೂ ಕೇಳುವವನ ನಂಬಿಕೆ ಇಳಿಯುತ್ತಾ ಹೋಯಿತು.

ಕಲ್ಲಿನ ಮೇಲೆ ಬರೆದವನ ಹೆಸರು

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಕಿರು ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವುಗಳನ್ನು ಬೆಳಕಿಗೆ ತಂದರು. ತಂದೆ ತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯವನ್ನೇ ನುಡಿಯಬೇಕು ಎಂಬ ಬೋಧೆ ಅಲ್ಲಿದೆ. ಶಾಸನದ ಕೊನೆಗೆ ಇದನ್ನು ಬರೆದವನ ಹೆಸರೂ ಇದೆ: ಚಪಡ, ಲಿಪಿಕಾರ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೆ, ಲಿಪಿಕಾರ ಎಂಬ ಆ ಪದ ಮಾತ್ರ ದೂರದ ವಾಯವ್ಯದ ಖರೋಷ್ಠಿ ಲಿಪಿಯಲ್ಲಿದೆ.

ಮಾತು ಚಕ್ರವರ್ತಿಯದು. ಬಹಳ ದೂರದಿಂದ ಬಂದದ್ದು. ಓದುವವರಿಗೆ ಅದು ಸರಿಯಾಗಿ ಬಂದಿದೆಯೋ ಇಲ್ಲವೋ ತಿಳಿಯುವ ದಾರಿ ಇರಲಿಲ್ಲ. ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಬಂಡೆಯ ಮುಂದೆ ಕೂತ ಲಿಪಿಕಾರ ತನ್ನ ಹೆಸರನ್ನು ಕೊರೆದು ಹೋದ. ಆ ಬಂಡೆಯ ಮುಂದೆ ನಿಂತಾಗಲೆಲ್ಲ ನನಗೆ ಆ ಹೆಸರೇ ಕಣ್ಣಿಗೆ ಕಟ್ಟುತ್ತದೆ. ಹೇಳುವವನು ಯಾರೆಂದು ತಿಳಿದರೆ, ತಪ್ಪಿದಾಗ ಅವನನ್ನು ಕೇಳಬಹುದು ಎಂದಾದರೆ, ಮಾತು ನಿಲ್ಲುತ್ತದೆ. ನೀಲಿ ಚೀಟಿ, ಸಿಲ್ಕ್ ಮಾರ್ಕ್, ಕುಕ್ ಬರೆದ ಆ 4 ಎಂಬ ಅಂಕಿ ಎಲ್ಲವೂ ಹೀಗೆ ಹೆಸರು ಹಾಕಿದ ಮಾತುಗಳೇ.

ಹವಾಮಾನದ ವಾಕ್ಯ ಕನ್ನಡಕ್ಕೆ ಬರುವಾಗ ಅಂಕಿಯೂ ಜೊತೆಗೆ ಬರಲಿ. 'ಸಾಧ್ಯತೆ ಇದೆ' ಎನ್ನುವ ಬದಲು 'ನೂರಕ್ಕೆ ಐವತ್ತರಿಂದ ಎಪ್ಪತ್ತೈದು' ಎಂದು ಓದಲಿ. ರಾಗಿಯನ್ನು ಸೇರಿನಲ್ಲಿ, ಕಾಯಿಯನ್ನು ಮೂಟೆಯಲ್ಲಿ ಅಳೆದು ಬದುಕಿದ ಜನಕ್ಕೆ ಶೇಕಡಾ ಲೆಕ್ಕ ಕಷ್ಟವಾಗದು.

ಆ ಬೆಳಿಗ್ಗೆ ಹೋಟೆಲಿನಿಂದ ಎದ್ದು ಹೊರಟಾಗ ಹುಡುಗ ಮತ್ತೆ ಮೊಬೈಲ್ ಒತ್ತುತ್ತಿದ್ದ. ಕೆಳಗೆ ಇಳಿಸಿ ಇಳಿಸಿ ಬುಲೆಟಿನ್ನಿನ ತಳದಲ್ಲಿದ್ದ ಸಣ್ಣ ಅಕ್ಷರದ ಪಟ್ಟಿ ಹುಡುಕಿದ. ತಾತನ ಹಿಂದೆಯೇ ಓಡಿದ.

'ತಾತ, ನಿಂತ್ಕ. ಇಲ್ಲಿ ಬರೆದವ್ರೆ. ನೂರು ಸಲ ಹಿಂಗೆ ಹೇಳಿದ್ರೆ ಐವತ್ತರಿಂದ ಎಪ್ಪತ್ತೈದು ಸಲ ಬತ್ತೈತಂತೆ. ಎಲ್ಲಾ ಕಡೆ ಅಲ್ಲ, ಕೆಲವು ಕಡೆ.'

ತಾತ ನಿಂತರು. ರಸ್ತೆ ಪಕ್ಕದ ಹೊಲಕ್ಕೆ ಇಳಿದು, ಕುಕ್ಕರಗಾಲಲ್ಲಿ ಕೂತು, ಮೇಲಿನ ಒಣಮಣ್ಣು ಸರಿಸಿ ಬೆರಳು ಇಳಿಸಿದರು. ಒಳಗಿನ ಕೆಂಪು ಮಣ್ಣನ್ನು ಒಂದು ಹಿಡಿ ತೆಗೆದು ಮುಷ್ಟಿ ಕಟ್ಟಿದರು. ಬಿಟ್ಟಾಗ ಅದು ಅರ್ಧ ಉಂಡೆಯಾಗಿ, ಅರ್ಧ ಉದುರಿತು.

'ಹದ ಇನ್ನೂ ಪೂರಾ ಬಂದಿಲ್ಲ' ಎಂದರು. 'ಅರ್ಧ ಹೊಲ ಬಿತ್ತನ. ಉಳಿದಿದ್ದಕ್ಕೆ ಬೀಜ ಇಟ್ಕಳನ.'